ಟ್ಯಾಂಕಿಗೆ ಬಳಿದ ಹೊಸ ಬಣ್ಣ

ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹಲ್ಲಿನ ಡಾಕ್ಟರು ಕಳೆದ ಭಾನುವಾರ ನನ್ನನ್ನು ಮೇಲೆ ಕರೆದು ಮೇಜಿನ ಮೇಲಿದ್ದ ಒಂದು ಟ್ಯಾಂಕು ತೋರಿಸಿದರು. ನೀರಿನ ಟ್ಯಾಂಕಲ್ಲ, ಯುದ್ಧದ ಟ್ಯಾಂಕು. ಅಂಗೈ ಮೇಲೆ ಕೂರುವಷ್ಟು ಪುಟ್ಟದು. ಪ್ಲಾಸ್ಟಿಕ್ಕಿನ ತುಂಡುಗಳನ್ನು ಅಂಟಿಸಿ, ಹಲ್ಲು ಕೆರೆಯುವ ಕಡ್ಡಿಯಿಂದಲೇ ಸಂದುಗಳನ್ನು ತಿದ್ದಿ, ಬಣ್ಣ ಹಚ್ಚಿ, ಈಗ ಅದನ್ನು ಹಳೆಯದು ಮಾಡುತ್ತಿದ್ದರು. ಪಕ್ಕದಲ್ಲಿ ಸಾಲಾಗಿ ಸಣ್ಣ ಸಣ್ಣ ಬಾಟ್ಲಿಗಳು. ಏನಿದು ಎಂದು ಕೇಳಿದೆ.

“ಇದು ತುಕ್ಕು ಟೀಚರ್. ಇದು ಹೊಗಿ ಮಸಿ. ಇದು ಕೆಸರು. ಆನ್‌ಲೈನ್‌ದಾಗ ತರಿಸೀನಿ. ಭಾಳ ತುಟ್ಟಿ ಅದ ನೋಡ್ರಿ.”

ಕೆಸರು! ಬಾಟ್ಲಿಯಲ್ಲಿ, ಮುಚ್ಚಳ ಹಾಕಿ! ಮೆಂತ್ಯೆ ಸೂಡಿಗೆ ಮಣ್ಣು ಮೆತ್ತಿದೆಯೆಂದು ತರಕಾರಿಯವನ ಜೊತೆ ದಿನವೂ ಜಗಳವಾಡುವವಳು ನಾನು. ಅಷ್ಟರಲ್ಲಿ ಅವರು ಕುಂಚ ತೊಳೆಯಲೆಂದು ಇನ್ನೊಂದು ಬಾಟ್ಲಿಯ ಮುಚ್ಚಳ ತೆಗೆದರು. ಟರ್ಪೆಂಟೈನ್. ನಮ್ಮ ಕಡೆ ತಾರ್ಪಿನ್ ಎಣ್ಣೆ ಎನ್ನುತ್ತೇವೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಿವಿ ಬಿಸಿಯಾದವು. “ಚಂದ ಅದರಿ” ಎಂದು ಒಂದು ಮಾತು ಒಗೆದು, ಮೆಟ್ಟಿಲು ಇಳಿದು ಬಂದುಬಿಟ್ಟೆ. ಪಾಪ, ತನ್ನಿಂದ ಏನು ತಪ್ಪಾಯಿತೋ ಎಂದು ಆ ಹುಡುಗ ಇನ್ನೂ ಯೋಚಿಸುತ್ತಿರಬಹುದು. ಅವರಿಂದ ಏನೂ ತಪ್ಪಾಗಿಲ್ಲ. ನನ್ನ ಸಿಟ್ಟು ಬಹಳ ಹಳೆಯದು. ಅದಕ್ಕೆ ಒಡೆಯರು ಬೇರೆ ಇದ್ದಾರೆ, ಅಥವಾ ಇದ್ದರು.

ಸಿಟ್ಟಿನ ವಿಷಯ ಬಂದದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ನಾನು ಸಿಟ್ಟಿನ ಹೆಂಗಸು. ನಾನು ಕಲಿಸಿದ ಶಾಲೆಗಳಲ್ಲೆಲ್ಲ ನನಗೆ ‘ಹಸಿಮೆಣಸಿನಕಾಯಿ ಟೀಚರ್’ ಎಂದೇ ಹೆಸರು. ನಾನು ಕೇಳಿಸಿಕೊಂಡಿಲ್ಲ ಎಂದು ಮಕ್ಕಳು ನಂಬಿದ್ದರು, ನಾನೂ ನಂಬಿಸಿದ್ದೆ. ಅನೇಕ ಸಿಟ್ಟುಗಳು ಸಂಜೆಯ ಚಹಾದ ಹೊತ್ತಿಗೆ ಇಳಿದು ಹೋಗುತ್ತವೆ, ಕೆಲವಕ್ಕೆ ನಾನೇ ಆಮೇಲೆ ನಕ್ಕಿದ್ದೇನೆ. ಇದೊಂದು ಮಾತ್ರ ಇಳಿಯಲಿಲ್ಲ.

ನನ್ನ ಅಣ್ಣ ಶರಣಪ್ಪ ಎಪ್ಪತ್ತೊಂದರ ಯುದ್ಧದಿಂದ ಸುಟ್ಟ ಬಲಗೈ ಹೊತ್ತು ಶಹಾಬಾದಿಗೆ ಬಂದ. ಟ್ಯಾಂಕಿನಲ್ಲಿ ತೋಪು ಹಾರಿಸುವ ಕೆಲಸ ಅವನದು. ಬೆರಳುಗಳು ಒಂದಕ್ಕೊಂದು ಕೂಡಿಕೊಂಡು ಗಟ್ಟಿಯಾಗಿದ್ದವು. ಚಮಚ ಹಿಡಿಯಬಲ್ಲ, ಗುಂಡಿ ಹಾಕಿಕೊಳ್ಳಲಾರ. ಫೌಜಿನಿಂದ ಬಿಡುಗಡೆಯಾಗಿ, ಫರಸಿಕಲ್ಲಿಗೆ ಪಾಲಿಶ್ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಸಾಮಾನು ಕಾಯುವ ಕೆಲಸಕ್ಕೆ ಸೇರಿದ. ಮೊದಲಿನಿಂದಲೂ ಮಾತು ಕಡಿಮೆ. ಬಂದ ಮೇಲೆ ಅದೂ ಹೋಯಿತು. ಊಟಕ್ಕೆ ಕರೆದರೆ ಬರುತ್ತಿದ್ದ, ಸಾಕೇ ಎಂದರೆ ತಲೆಯಾಡಿಸುತ್ತಿದ್ದ. ಯುದ್ಧದ ಬಗ್ಗೆ ಓಣಿಯ ಜನ ಕೇಳಿದರೆ, “ಆತು, ಮುಗೀತು” ಎನ್ನುತ್ತಿದ್ದ, ಅಷ್ಟೇ. ಅವನ ಹೆಂಡತಿ, ನಮ್ಮ ವೈನಿ, ಮಹಾದೇವಿ ಎಂದು ಹೆಸರು, ಚಿಂಚೋಳಿ ಕಡೆಯ ಹೆಣ್ಣುಮಗಳು. ಅವಳೂ ಮೆತ್ತಗೆ. ಆ ಮನೆಯಲ್ಲಿ ಗಲಾಟೆ ಎಂದರೆ ನಾನು ಮತ್ತು ನಮ್ಮವ್ವ.

ಒಂದು ದಿನ ಮಧ್ಯಾಹ್ನ ಕಾಳಗಿಯಿಂದ ಒಬ್ಬ ಮುದುಕರು ಬಸ್ಸು ಹಿಡಿದು ಬಂದರು. ಸಾಯಬಣ್ಣ ಮುತ್ಯಾ. ಅವರ ಮಗ ಹಣಮಂತ ಅಣ್ಣನ ಗೆಳೆಯ. ಇಬ್ಬರೂ ಒಂದೇ ದಿನ ಫೌಜಿಗೆ ಭರ್ತಿಯಾದವರು, ಒಂದೇ ಟ್ಯಾಂಕಿನಲ್ಲಿದ್ದವರು. ಹಣಮಂತ ಟ್ಯಾಂಕು ಓಡಿಸುತ್ತಿದ್ದ. ಅವನು ಬರಲಿಲ್ಲ, ಮನೆಗೆ ತಂತಿ ಬಂತು. ನಮಗೆ ಗೊತ್ತಿದ್ದದ್ದು ಇಷ್ಟು. ಮುತ್ಯಾ ನೀರು ಕುಡಿದು, ಅಣ್ಣನನ್ನು ಕೇಳಿದರು:

“ಶರಣಪ್ಪಾ, ನಾ ಎಂದೂ ಟ್ಯಾಂಕ್ ನೋಡಿಲ್ಲೋ. ನನ್ನ ಮಗ ಎಲ್ಲಿ ಕುಂದರ್ತಿದ್ದ, ಹೆಂಗ ಹೋದ, ನನಗ ಜರಾ ತಿಳಿಸಿ ಹೇಳು. ಮನ್ಯಾಗ ಅವರವ್ವ ಕೇಳ್ತಾಳ. ನನಗ ಏನೂ ಹೇಳ್ಲಿಕ್ಕ ಬರವಲ್ದು.”

ಅಣ್ಣ ಎದ್ದು ಹಿತ್ತಿಲಿಗೆ ಹೋದ, ಮತ್ತೆ ಬಂದ. “ಮಾಡಿ ತೋರಸ್ತೀನ್ರಿ ಮುತ್ಯಾ” ಎಂದ. ಏನು ಮಾಡುತ್ತಾನೋ ನಮಗ್ಯಾರಿಗೂ ತಿಳಿಯಲಿಲ್ಲ. ಮುದುಕರು “ಆತಪ್ಪಾ, ಮಾಡು” ಎಂದು ಸಂಜೆಯ ಬಸ್ಸಿಗೆ ಹೋದರು.

ಹಾಗೆ ಟ್ಯಾಂಕು ಶುರುವಾಯಿತು. ಬಡಿಗರ ಮನೆಯಿಂದ ಸಾಗವಾನಿಯ ತುಂಡುಗಳನ್ನು ತಂದು ಎಡಗೈಯಲ್ಲೇ ಕೊರೆದ. ಮೊಳದುದ್ದದ್ದು. ಹಳೇ ಸೈಕಲ್ ಚೈನುಗಳು ಅದರ ಚಕ್ರಗಳನ್ನು ಸುತ್ತುವ ಪಟ್ಟಿಗಳಾದವು, ಮುರಿದ ಛತ್ರಿಯ ಕೊಳವೆ ಅದರ ತೋಪಾಯಿತು. ಆದರೆ ಬಣ್ಣ ಹಚ್ಚುವುದು ಎಡಗೈಗೆ ಒಗ್ಗಲಿಲ್ಲ, ಕುಂಚ ನಡುಗುತ್ತಿತ್ತು. ಒಂದು ಸಂಜೆ ವೈನಿ ಏನೂ ಕೇಳದೆ ಅವನ ಕೈಯಿಂದ ಕುಂಚ ತೆಗೆದುಕೊಂಡು ಪಕ್ಕದಲ್ಲಿ ಕೂತಳು. ಅವಳು ಹಾಕುವ ರಂಗೋಲಿಯ ಎಳೆ ನೋಡಿ ಓಣಿಯವರು ನಿಂತು ಹೋಗುತ್ತಿದ್ದರು. ಅಂಥ ಕೈ.

ಮೊದಲು ಹಸಿರು ಬಂತು, ಅದಕ್ಕೆ ಕಪ್ಪು ಮತ್ತು ಒಂದಿಷ್ಟು ಹಳದಿ ಬೆರೆಸಿದ ಮಬ್ಬು ಹಸಿರು. ಅದು ಒಣಗಿ ನಿಂತಾಗ ಟ್ಯಾಂಕು ಎಷ್ಟು ಚಂದ ಕಾಣುತ್ತಿತ್ತೆಂದರೆ ನಮ್ಮವ್ವ ಅದರ ದೃಷ್ಟಿ ತೆಗೆದಳು. ಮುಗಿಯಿತು ಎಂದುಕೊಂಡೆವು. ಮರುದಿನ ನೋಡಿದರೆ ವೈನಿ ಕಪ್ಪು ಬಣ್ಣವನ್ನು ತಾರ್ಪಿನ್‌ನಲ್ಲಿ ನೀರಿನಷ್ಟು ತೆಳ್ಳಗೆ ಮಾಡಿ ಸಂದುಸಂದಿಗೆ ಹರಿಸುತ್ತಿದ್ದಾಳೆ! ಆಮೇಲೆ ಕುಂಚವನ್ನು ಅರಿವೆಗೆ ಒರೆಸಿ ಒರೆಸಿ, ಬಣ್ಣವೇ ಇಲ್ಲವೇನೋ ಎನ್ನುವಷ್ಟು ಒಣಗಿಸಿ, ಬೆಳ್ಳಿಬಣ್ಣದಲ್ಲಿ ಅಂಚುಗಳ ಮೇಲೆ ಹಗುರಾಗಿ ಎಳೆದಳು. ಅಂಚೆಲ್ಲ ಸವೆದ ಕಬ್ಬಿಣವಾಯಿತು. ಹೊಗೆ ಕೊಳವೆಗೆ ಕೆಮ್ಮಣ್ಣನ್ನು ಸೀಮೆಎಣ್ಣೆಯಲ್ಲಿ ಕಲಸಿ ತುಕ್ಕು ಹಿಡಿಸಿದಳು. ಗೋಣಿಯ ನಾರನ್ನು ಬಣ್ಣದಲ್ಲಿ ಅದ್ದಿ ಅಲ್ಲಲ್ಲಿ ಒತ್ತಿದರೆ ಬಣ್ಣ ಎದ್ದು ಹೋದ ಗಾಯಗಳು. ಅಣ್ಣ ಪಕ್ಕದಲ್ಲಿ ಕೂತು ಬೆರಳು ತೋರಿಸುತ್ತಿದ್ದ. “ಇಲ್ಲಿ. ಇಷ್ಟಲ್ಲ. ಕಡಿಮಿ.” ಆ ತಿಂಗಳುಗಳಲ್ಲಿ ಅವನು ಆಡಿದ ಮಾತೆಲ್ಲ ಹೆಚ್ಚುಕಡಿಮೆ ಇಷ್ಟೇ.

ಅವ್ವ ಹಣೆ ಹಣೆ ಬಡಿದುಕೊಂಡಳು. “ಹೊಸಾದು ಮಾಡೂದು, ಮತ್ತ ಅದನ್ನೇ ಹಳೇದು ಮಾಡೂದು! ಗಂಡಾ ಹೆಂಡ್ತಿ ಇಬ್ಬರಿಗೂ ತಲಿ ಕೆಟ್ಟದೇನು?”

ಕಡೆಗೆ ಮಣ್ಣು. ನಮ್ಮೂರಿನಲ್ಲಿ ಮಣ್ಣಿಗೇನು ಬರ? ಕಲ್ಲುಗಣಿಯ ಬಿಳಿ ಧೂಳು ಊಟದ ತಾಟಿನ ಮೇಲೂ ಕೂರುತ್ತದೆ. ವೈನಿ ಅದನ್ನು ತಂದಳು. ಅಣ್ಣ ತಲೆಯಾಡಿಸಿದ. “ಬೆಳ್ಳಗಿರಲಿಲ್ಲ.” ತವರಿಗೆ ಹೋದಾಗ ಚಿಂಚೋಳಿಯ ಕೆಂಪು ಮಣ್ಣು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. “ಇಷ್ಟ್ ಕೆಂಪಲ್ಲ.” ನಾನು ಆಗ ಚಿತ್ತಾಪುರದಲ್ಲಿ ಹೊಸದಾಗಿ ಟೀಚರ್ ಆಗಿದ್ದೆ. ಶಹಾಬಾದಿನಿಂದ ವಾಡಿಗೆ ಒಂದು ರೈಲು, ವಾಡಿಯಿಂದ ಚಿತ್ತಾಪುರಕ್ಕೆ ಇನ್ನೊಂದು. ಜೊತೆಗೆ ಬರುವವಳೊಬ್ಬಳ ಕೈಯಲ್ಲಿ ಸೇಡಂ ಕಡೆಯ ಎರೆಮಣ್ಣು ತರಿಸಿದೆ. ಅದೂ ಅಲ್ಲ. ಕೊನೆಗೆ ಬಟ್ಟೆ ಒಗೆಯಲು ಕಾಗಿಣಾ ಹೊಳೆಗೆ ಹೋದ ವೈನಿ ದಡದ ಮೆಕ್ಕಲುಮಣ್ಣು ತಂದು, ಒಣಗಿಸಿ, ಅರಿವೆಯಲ್ಲಿ ಸೋಸಿ, ಪಟ್ಟಿಗಳ ಮೇಲೆ ಉದುರಿಸಿದಳು. ಬೂದಿಗೆಂಪಿನ ನಯವಾದ ಮಣ್ಣು. ಅಣ್ಣ ನೋಡಿದ. “ಹಾಂ” ಎಂದ. ಎದ್ದು ಹೊರಗೆ ಹೋದವನು ಊಟದ ಹೊತ್ತಿಗೂ ಒಳಗೆ ಬರಲಿಲ್ಲ.

ಕೊನೆಯ ದಿನ ಅವನು ಮುಂಭಾಗದ ಎಡಕ್ಕೆ, ಒಂದು ದುಂಡನೆಯ ಮುಚ್ಚಳದ ಸುತ್ತ ಬೆರಳಾಡಿಸಿ, “ಇಲ್ಲಿ ಮಸಿ. ಭಾಳ” ಎಂದ. ವೈನಿ ದೀಪದ ಮೇಲೆ ಬೋಗುಣಿ ಹಿಡಿದು ಮಸಿ ಕೂಡಿಸಿ, ಬೆರಳಿನಿಂದಲೇ ತಿಕ್ಕಿದಳು. ಆ ಕಪ್ಪು ನೋಡಿದರೆ ಒಳಗಿನಿಂದ ಏನೋ ಉರಿದು ಹೊರಗೆ ಬಂದಂತೆ ಕಾಣುತ್ತಿತ್ತು. ಅವಳು ಏನೂ ಕೇಳಲಿಲ್ಲ. ಅವನು ಏನೂ ಹೇಳಲಿಲ್ಲ.

ಇನ್ನು ಕಾಳಗಿಗೆ ಒಯ್ಯುವುದೊಂದು ಬಾಕಿ. ಅಷ್ಟರಲ್ಲಿ ತಾಲೂಕಿನ ಸ್ವಾತಂತ್ರ್ಯ ದಿನದ ಸಮಿತಿಯ ಕಾರ್ಯದರ್ಶಿಗಳು ನಮ್ಮ ಮನೆಗೆ ಬಂದರು. ಹೆಸರು ಹೇಳುವುದಿಲ್ಲ, ಅವರ ಮೊಮ್ಮಕ್ಕಳು ಒಳ್ಳೆಯವರು. ಎಲ್ಲರೂ ಸೆಕ್ರೆಟರಿ ಸಾಹೇಬರು ಎನ್ನುತ್ತಿದ್ದರು. ಚಿತ್ತಾಪುರದಲ್ಲಿ ದೊಡ್ಡ ಸಮಾರಂಭ, ಮಂತ್ರಿಗಳು ಬರುತ್ತಾರೆ, ಸೈನಿಕರಿಗೆ, ತೀರಿಹೋದ ಸೈನಿಕರ ಮನೆಯವರಿಗೆ ಶಾಲು ಹೊದಿಸುತ್ತಾರೆ, ಕಾಳಗಿಯ ಸಾಯಬಣ್ಣನವರಿಗೂ ಹೇಳಿಕಳಿಸಿದ್ದೇವೆ ಎಂದರು. ಅಷ್ಟರಲ್ಲಿ ಅವರ ಕಣ್ಣು ಮೂಲೆಯ ಟ್ಯಾಂಕಿನ ಮೇಲೆ ಬಿತ್ತು. ಎರಡು ದಿನದ ಮಟ್ಟಿಗೆ ಕೊಡಿ, ವೇದಿಕೆಯ ಮುಂದೆ ಇಡೋಣ ಎಂದರು. ಅಣ್ಣನಿಗೆ ಮನಸ್ಸಿರಲಿಲ್ಲ. ಆದರೆ ಮುತ್ಯಾ ಹೇಗೂ ಅಲ್ಲಿಗೇ ಬರುತ್ತಾರಲ್ಲ, ಅಲ್ಲೇ ತೋರಿಸಿದರಾಯಿತು ಎಂದುಕೊಂಡು ಒಪ್ಪಿದ. ನಾಡಿಗೆ ಆಗಿನ್ನೂ ಮೈಸೂರು ಎಂದೇ ಹೆಸರು. ಇನ್ನೆರಡು ತಿಂಗಳು ಕಳೆದರೆ ಕರ್ನಾಟಕವಾಗುವುದಿತ್ತು.

ಮಂತ್ರಿಗಳು ಬರುತ್ತಾರೆಂದರೆ ಊರುಗಳಿಗೆ ಒಂದು ರೋಗ ಬರುತ್ತದೆ, ನೀವೂ ನೋಡಿರುತ್ತೀರಿ. ಮರದ ಬೊಡ್ಡೆಗೆ ಸುಣ್ಣ, ಗಟಾರದ ಕಲ್ಲಿಗೆ ಸುಣ್ಣ, ಅಲ್ಲಾಡದೆ ನಿಂತರೆ ಮನುಷ್ಯನಿಗೂ ಸುಣ್ಣ. ಆ ದಿನ ಬೆಳಿಗ್ಗೆ ಚಿತ್ತಾಪುರದ ಶಾಲೆಯ ಮೈದಾನಕ್ಕೆ ಅಣ್ಣ, ವೈನಿ, ನಾನು ಮೂವರೂ ಹೋದಾಗ ಎಲ್ಲವೂ ಬೆಳ್ಳಗೆ ಹೊಳೆಯುತ್ತಿತ್ತು. ವೇದಿಕೆಯ ಮುಂದೆ ಬಿಳಿ ಬಟ್ಟೆ ಹಾಸಿದ ಮೇಜು. ಅದರ ಮೇಲೆ ನಮ್ಮ ಟ್ಯಾಂಕು.

ನಮ್ಮದು ಎಂದು ಗುರುತಿಸಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಗಿಳಿಹಸಿರು! ಕಬ್ಬಿಣದ ಗೇಟಿಗೆ ಹಚ್ಚುವ ದಪ್ಪ ಎನಾಮಲ್ ಬಣ್ಣವನ್ನು ಅದರ ಮೈತುಂಬ ಬಳಿದಿದ್ದರು. ಸಂದುಗಳೆಲ್ಲ ಮುಚ್ಚಿಹೋಗಿದ್ದವು. ಚೈನಿನ ಕೊಂಡಿಗಳೂ ಹಸಿರು. ಮಸಿ ಇಲ್ಲ, ತುಕ್ಕಿಲ್ಲ, ಕಾಗಿಣಾ ಮಣ್ಣಿಲ್ಲ. ತೋಪಿಗೆ ಒಂದು ಚೆಂಡುಹೂವಿನ ಹಾರ. ಪಕ್ಕೆಯ ಮೇಲೆ ಬಿಳಿ ಅಕ್ಷರದಲ್ಲಿ ‘ಕೊಡುಗೆ’ ಎಂದು ಬರೆದು, ಕೆಳಗೆ ಸೆಕ್ರೆಟರಿ ಸಾಹೇಬರ ಹೆಸರು!

“ಯಾರ್ ಹಚ್ಯಾರ್ರಿ ಇದಕ್ಕ ಬಣ್ಣಾ?” ನನ್ನ ದನಿ ಮೈದಾನದ ಆ ತುದಿಗೆ ಕೇಳಿಸಿರಬೇಕು.

ಅವರು ನಗುತ್ತಲೇ ಬಂದರು. “ನಾನೇ ಹಚ್ಚಿಸೀನಿ ತಂಗಿ. ನಿನ್ನಿ ಸಂಜಿಗಿ ಪೇಂಟರ್‌ಗೆ ಹೇಳಿ ಮಾಡ್ಸೀನಿ. ಹೊಲಸಾಗಿತ್ತಲ್ಲ, ಹಂಗೇ ಇಟ್ರ ಮಂತ್ರಿಗಳು ಏನ್ ತಿಳ್ಕೋತಾರ?”

“ಅದು ಹೊಲಸಲ್ರಿ! ನಾಕೈದು ತಿಂಗಳು ಕುಂತು ನಮ್ಮ ವೈನಿ—”

“ತಿಳೀತು, ತಿಳೀತು. ಆದರ ಇಂಥಾ ದಿನ ಮಂದಿಗಿ ಏನ್ ಕಾಣಬೇಕು ಹೇಳು? ನಮ್ಮ ಟ್ಯಾಂಕಿಗಿ ಏನೂ ಆಗಿಲ್ಲ ಅಂತ ಕಾಣಬೇಕು.”

ಏನೂ ಆಗಿಲ್ಲ. ಇಷ್ಟು ವರ್ಷಗಳ ನಂತರ ಈ ಎರಡು ಶಬ್ದ ಬರೆಯುವಾಗಲೂ ನನ್ನ ಪೆನ್ನು ಕಾಗದವನ್ನು ಹರಿಯುವಂತೆ ಒತ್ತುತ್ತಿದೆ. ಪಕ್ಕದಲ್ಲಿ ಅಣ್ಣ ಸುಟ್ಟ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದ. ಅವನ ಮುಂದೆಯೇ ಅವರು ಈ ಮಾತು ಆಡಿದರು, ಅದೂ ನಗುನಗುತ್ತ. ದುಷ್ಟರಾಗಿದ್ದರೆ ಒಂದು ರೀತಿ ಸಮಾಧಾನವಾದರೂ ಆಗುತ್ತಿತ್ತು. ನಮಗೊಂದು ಉಪಕಾರ ಮಾಡಿದ್ದೇನೆ ಎಂದೇ ಅವರು ನಂಬಿದ್ದರು.

ಆಗ ಮುತ್ಯಾ ಬಂದರು. ಮಡಿಕೆ ಬಿಚ್ಚದ ಹೊಸ ಧೋತರ, ತಲೆಗೆ ರುಮಾಲು. ಮೊದಲು ಅಣ್ಣನ ತೋಳು ಹಿಡಿದರು. ಆಮೇಲೆ ಮೇಜಿನ ಕಡೆ ತಿರುಗಿದರು.

“ಇದೇ ಏನೋ ಅವ ಓಡಸ್ತಿದ್ದ ಗಾಡಿ?”

“ಹೌದ್ರಿ ಮುತ್ಯಾ.”

ಅವರು ಬಾಗಿ ನೋಡಿದರು. ಮೇಜನ್ನು ಒಂದು ಸುತ್ತು ಬಂದರು. ತೋಪು, ಪಟ್ಟಿ, ಪಕ್ಕೆ ಎಲ್ಲವನ್ನೂ, ಎತ್ತು ಕೊಳ್ಳುವವರು ನೋಡುವ ಹಾಗೆ, ಸಾವಕಾಶವಾಗಿ ನೋಡಿದರು. ಆಮೇಲೆ ಅಣ್ಣನ ಮುಖ ನೋಡಿ, ಯಾವ ಕೊಂಕೂ ಇಲ್ಲದೆ, ತಿಳಿಯದ್ದನ್ನು ಕೇಳುವ ದನಿಯಲ್ಲಿ ಕೇಳಿದರು:

“ಎಲ್ಲೂ ಒಂದು ಗೀರೂ ಇಲ್ಲಲ್ಲೋ. ಗಾಡಿ ಇಷ್ಟು ಚಲೋ ಇದ್ರ, ಮತ್ತ ನನ್ನ ಮಗ ಹೆಂಗ ಸತ್ತ?”

ಸೆಕ್ರೆಟರಿ ಸಾಹೇಬರು ಕೆಮ್ಮಿದರು. ಆ ಹೊತ್ತಿಗೆ ವೈನಿ ಎಲ್ಲಿಗೆ ಹೋಗಿದ್ದಳೋ ನಾನು ನೋಡಿರಲಿಲ್ಲ. ವೇದಿಕೆಯ ಹಿಂದೆ ಪೇಂಟರ್ ಬಿಟ್ಟುಹೋದ ಸಾಮಾನಿನೊಳಗಿಂದ ತಾರ್ಪಿನ್ ಡಬ್ಬಿ ಹಿಡಿದು ಬಂದಳು. ಹಾರ ತೆಗೆದು ಪಕ್ಕಕ್ಕಿಟ್ಟಳು. ಟ್ಯಾಂಕನ್ನು ಎತ್ತಿಕೊಂಡು ನೆಲದ ಮೇಲೆ ಕೂತು, ತೊಡೆಯ ಮೇಲಿಟ್ಟುಕೊಂಡು, ಸೆರಗಿನ ತುದಿಯನ್ನು ಡಬ್ಬಿಯಲ್ಲಿ ಅದ್ದಿ ಒರೆಸತೊಡಗಿದಳು. ಶ್ರಾವಣದ ಹಸಿ ಹವೆ. ಬಣ್ಣ ಇನ್ನೂ ಪೂರಾ ಒಣಗಿರಲಿಲ್ಲ. ಒರೆಸಿದಲ್ಲೆಲ್ಲ ಜಿಗುಟಾಗಿ ಎದ್ದು ಬಂತು.

“ಅಮ್ಮಾ, ಏನ್ ಮಾಡ್ಲಿಕತ್ತೀರಿ? ಮಂತ್ರಿಗಳು ಬರೂ ಟೈಮಾಗ್ಯದ! ಏ, ಯಾರರ ಹಿಡೀರಿ!”

ಸೆಕ್ರೆಟರಿ ಸಾಹೇಬರು ಕೈ ಚಾಚಿದರು. ನಾನು ನಡುವೆ ನಿಂತೆ. ಏನೇನು ಅಂದೆ ಎಂದು ಇಲ್ಲಿ ಬರೆಯುವುದಿಲ್ಲ. ಮಕ್ಕಳಿಗೆ ಕನ್ನಡ ಕಲಿಸಿ ಬದುಕಿದವಳು ನಾನು. ಅವರು ಎರಡು ಹೆಜ್ಜೆ ಹಿಂದೆ ಸರಿದರು ಎಂದಷ್ಟು ಹೇಳಿದರೆ ಸಾಕು.

ವೈನಿ ತಲೆ ಎತ್ತದೆ ಒರೆಸಿದಳು. ಆದರೆ ತಾರ್ಪಿನ್ನಿಗೆ ಹೊಸ ಬಣ್ಣ ಯಾವುದು, ಹಳೆಯದು ಯಾವುದು ಎಂಬ ಫರಕು ಎಲ್ಲಿ ತಿಳಿಯುತ್ತದೆ? ಗಿಳಿಹಸಿರಿನ ಜೊತೆಗೆ ಅವಳು ಕೂಡಿಸಿದ ಮಸಿ, ತುಕ್ಕು, ಸೋಸಿದ ಮಣ್ಣು ಎಲ್ಲ ಕಲೆತು, ರಾಡಿಯಾಗಿ ಅವಳ ಸೀರೆಗೆ ಇಳಿಯಿತು. ಎಷ್ಟೋ ಸಂಜೆಗಳ ಕೆಲಸ ಅವಳ ತೊಡೆಯ ಮೇಲೆ ಹರಿಯಿತು. ಅವಳು ಒರೆಸುತ್ತಲೇ ಇದ್ದಳು. ಅಣ್ಣ ಮಂಡಿಯೂರಿ ಅವಳ ಕೈ ಹಿಡಿದ.

“ಸಾಕು. ಬಿಡು.”

ಆಮೇಲೆ ಮುತ್ಯಾನ ಕಡೆ ತಿರುಗಿದ. “ಇದರಾಗ ಇನ್ನ ಏನೂ ಕಾಣೂದಿಲ್ರಿ. ಕುಂದ್ರಿ. ನಾನೇ ಹೇಳ್ತೀನಿ.”

ಮುತ್ಯಾ ಕುರ್ಚಿ ಬಿಟ್ಟು ಅವನ ಎದುರಿಗೆ ನೆಲದ ಮೇಲೆ ಕೂತರು. ಅಣ್ಣ ಹೇಳಿದ. ಮುಂಭಾಗದ ಎಡಕ್ಕಿದ್ದ ಆ ದುಂಡನೆಯ ಮುಚ್ಚಳ ಹಣಮಂತ ಕೂರುತ್ತಿದ್ದ ಜಾಗ. ಗುಂಡು ಬಡಿದದ್ದು ಅಲ್ಲಿಗೇ. ಮೇಲಿದ್ದ ಅಣ್ಣ ಹಾರಿ ಹೊರಗೆ ಬಂದ. ಮುಂದೆ ಓಡಿ ಬಂದು ಮುಚ್ಚಳದೊಳಗೆ ಕೈ ಹಾಕಿ ಗೆಳೆಯನ ಅಂಗಿ ಹಿಡಿದು ಎಳೆದ. “ಕೊರಳಪಟ್ಟಿ ನನ್ನ ಕೈಯಾಗ ಬಂತರಿ. ಅವ ಬರಲಿಲ್ಲ. ಮತ್ತ ಕೈ ಹಾಕ್ದೆ. ಅಷ್ಟರಾಗ ಬೆಂಕಿ...”

ಮುತ್ಯಾ ಆ ಕೂಡಿಕೊಂಡ ಬೆರಳುಗಳನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ಕೇಳಿದರು:

“ಆವತ್ತ ಮುಂಜಾನಿ ಉಂಡಿದ್ದೇನು ಅವ?”

“ಉಂಡಿದ್ದರಿ. ಹಸಿವಿಲ್ಲಂತ ನಾ ಬಿಟ್ಟಿದ್ದೆ, ನನ್ನ ಪಾಲಿಂದೂ ಉಂಡ.”

“ಉಂಡಿದ್ದ” ಎಂದರು ಮುತ್ಯಾ, ಮನೆಯಲ್ಲಿ ಕಾಯುತ್ತಿದ್ದ ಹೆಂಡತಿಗೆ ಹೇಳಬೇಕಾದ್ದನ್ನು ನೆನಪಿಟ್ಟುಕೊಳ್ಳುವವರ ಹಾಗೆ. “ಉಂಡಿದ್ದನಂತ.”

ಅಷ್ಟರಲ್ಲಿ ಬ್ಯಾಂಡು ಬಾರಿಸಿತು, ಜೀಪುಗಳು ಬಂದವು. ನಾವು ನಾಲ್ವರೂ ಎದ್ದು ಸ್ಟೇಷನ್ ಕಡೆ ನಡೆದೆವು. ಶಾಲು ಯಾರ ಹೆಗಲ ಮೇಲೆ ಬಿತ್ತೋ ಗೊತ್ತಿಲ್ಲ. ಅರ್ಧ ಹಸಿರು ಅರ್ಧ ರಾಡಿಯಾಗಿದ್ದ ಟ್ಯಾಂಕನ್ನು ಮುತ್ಯಾ ಬಿಡಲಿಲ್ಲ. ಮತ್ತೆ ಸರಿಮಾಡಿ ಕೊಡುತ್ತೇವೆ ಎಂದರೂ ಕೇಳದೆ, ರುಮಾಲಿನಲ್ಲಿ ಸುತ್ತಿಕೊಂಡು ಕಾಳಗಿಗೆ ಒಯ್ದರು. ಸೆಕ್ರೆಟರಿ ಸಾಹೇಬರು ನನ್ನ ಮೇಲೆ ದೂರು ಕೊಟ್ಟರು. ಕ್ಷಮೆ ಕೇಳು ಎಂದರು ಮೇಲಿನವರು. ಕೇಳಲಿಲ್ಲ. ದೀಪಾವಳಿಯ ಹೊತ್ತಿಗೆ ನನ್ನನ್ನು ಸೇಡಂ ತಾಲೂಕಿನ ಮುಧೋಳಕ್ಕೆ ಎತ್ತಿಹಾಕಿದರು. ಅಲ್ಲಿನ ಮಕ್ಕಳು ಬಹಳ ಚಲೋ ಇದ್ದರು, ಅದು ಬೇರೆ ಮಾತು. ಅನ್ಯಾಯ ಅನ್ಯಾಯವೇ.

ಇದನ್ನು ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಪ್ರತಿ ಸಲವೂ ಸೆಕ್ರೆಟರಿ ಸಾಹೇಬರು ಇನ್ನಷ್ಟು ದಪ್ಪಗಾಗುತ್ತಾರೆ, ನನ್ನ ಬೈಗುಳ ಇನ್ನಷ್ಟು ಹರಿತವಾಗುತ್ತದೆ. ಅಣ್ಣ ತೀರಿಕೊಂಡು ಈಗ ಕೆಲವು ವರ್ಷ. ವೈನಿ ವಾಡಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಭಾನುವಾರ ಮಹಡಿಯಿಂದ ಇಳಿದು ಬಂದವಳೇ ಅವಳಿಗೆ ಫೋನ್ ಮಾಡಿದೆ. ಜೊತೆಗೂಡಿ ಬೈಯಲು ನನಗೆ ಯಾರಾದರೂ ಬೇಕಾಗಿತ್ತು.

“ವೈನಿ, ಆ ಸೆಕ್ರೆಟರಿ ನೆನಪಾದ. ನನಗ ಇನ್ನಾ ಸಿಟ್ಟು ಇಳಿದಿಲ್ಲ ನೋಡು. ನಿನಗ?”

“ನನಗ ಅವನ ಮ್ಯಾಲ ಸಿಟ್ಟು ಎಲ್ಲಿತ್ತು ತಂಗಿ?” ಎಂದಳು ವೈನಿ. “ತಿಳೀಲಾರದ ಮನಷ್ಯಾ. ನನ್ನ ಸಿಟ್ಟು ನಿಮ್ಮಣ್ಣನ ಮ್ಯಾಲ.”

“ಅಣ್ಣನ ಮ್ಯಾಲ? ಯಾಕ?”

“ಆ ಮಸಿ ನನ್ನ ಬೆರಳಿಲೇ ಹಚ್ಚಿಸಿದ್ರು. ಅಲ್ಲಿ ಹಣಮಂತಣ್ಣ ಕುಂತಿದ್ದ, ಇವರ ಕೈ ಅಲ್ಲೇ ಸುಟ್ಟಿತ್ತು ಅಂತ ನನಗ ಹೇಳಲಿಲ್ಲ. ಅಷ್ಟು ದಿನ ಮಗ್ಗಲದಾಗ ಕುಂತಿದ್ದೆ. ಒಂದು ಮಾತು ಹೇಳಲಿಲ್ಲ. ಆ ಮೈದಾನದಾಗ ಎಲ್ಲಾರ ಸಂಗಟ ನಿಂತು ನಾನೂ ಕೇಳಿದೆ, ಪರರ ಹಂಗ. ಗಂಡನ ಕೈ ಹೆಂಗ ಸುಡ್ತು ಅಂತ ಅವತ್ತೇ ನನಗ ತಿಳೀತು.”

ಆ ಹೊತ್ತಿನಲ್ಲಿ ನಾನು ಅಣ್ಣನನ್ನು ನೋಡಿದ್ದೆ, ಮುತ್ಯಾನನ್ನು ನೋಡಿದ್ದೆ. ಸೆಕ್ರೆಟರಿ ಸಾಹೇಬರ ಅಂಗಿಯ ಗುಂಡಿಗಳೂ ನೆನಪಿವೆ. ವೈನಿಯ ಮುಖ ಹೇಗಿತ್ತು? ಎಷ್ಟು ತಿಣುಕಿದರೂ ನೆನಪಾಗಲಿಲ್ಲ.

“ಅವರ ಸಂಗಟ ಎಂದೂ ಇದನ್ನ ಆಡಲಿಲ್ಲೇನು ವೈನಿ?”

“ಇಲ್ಲ. ಅವರಿಗಿ ಮತ್ತ ನೋವಾಗ್ತದಂತ ಸುಮ್ಮನಾದೆ. ಈಗ ಅವರೂ ಇಲ್ಲ. ನೀ ಫೋನ್ ಮಾಡಿದಾಗೆಲ್ಲ ಆ ಸೆಕ್ರೆಟರಿನೇ ಬೈತಿ, ಹೂಂ ಹೂಂ ಅಂತೀನಿ.” ಅವಳು ನಕ್ಕಳು. “ನನಗ್ಯಾರೂ ಕೇಳಲಿಲ್ಲಲ್ಲ.”

“ನಾಳೆ ಮುಂಜಾನಿ ರೈಲಿಗಿ ಬರ್ತೀನಿ” ಎಂದೆ.

“ಬಾ. ಎರಡು ದಿನ ಇರೂಹಂಗ ಬಾ. ಹೇಳೂದು ಭಾಳ ಅದ.”